ಪರಿಸರ ಸೇವಾ ಪಾವತಿ (ಕೋಸ್ಟರಿಕಾ)

ಪರಿಸರ ಸೇವಾ ಪಾವತಿಯು ಖಾಸಗಿ ಜಮೀನಿನಲ್ಲಿ ಕಾಡನ್ನು ಉಳಿಸಿ ಬೆಳೆಸುವ ಭೂಮಾಲೀಕರಿಗೆ ಹಣ ಸಂದಾಯ ಮಾಡುವ, ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಸರ್ಕಾರಿ ಯೋಜನೆಯಾಗಿದೆ. 1996ರ ಅರಣ್ಯ ಕಾಯ್ದೆಯನ್ವಯ ರೂಪುಗೊಂಡ ಇದು 1997ರಲ್ಲಿ ಜಾರಿಗೆ ಬಂದಿತು. ದನಗಳ ಹುಲ್ಲುಗಾವಲಿಗಾಗಿ ಕಾಡು ಕಡಿದುದರಿಂದ 1980ರ ದಶಕದ ವೇಳೆಗೆ ಅಲ್ಲಿನ ಅರಣ್ಯವು ಬಹಳವಾಗಿ ಕುಗ್ಗಿತ್ತು.

ಸ್ವರೂಪ

ಇಂಗಾಲದ ಹೀರಿಕೆ, ಜಲಸಂರಕ್ಷಣೆ, ಜೀವವೈವಿಧ್ಯ ಹಾಗೂ ನಿಸರ್ಗಸೌಂದರ್ಯ ಎಂಬ ನಾಲ್ಕು ಸೇವೆಗಳನ್ನು ಕಾಯ್ದೆಯು ಗುರುತಿಸುತ್ತದೆ. ರಾಷ್ಟ್ರೀಯ ಅರಣ್ಯ ಹಣಕಾಸು ನಿಧಿಯು (ಫೋನಾಫಿಫೊ) ಮಾಲೀಕರೊಡನೆ ನಿಗದಿತ ಅವಧಿಯ ಒಪ್ಪಂದ ಮಾಡಿಕೊಂಡು, ಜಮೀನಿನ ವಿಸ್ತೀರ್ಣಕ್ಕೆ ಅನುಗುಣವಾಗಿ ಹಣ ನೀಡುತ್ತದೆ. ಇದರ ಪ್ರಮುಖ ಮೂಲ ಇಂಧನ ತೆರಿಗೆ.

ಪರಿಣಾಮ

ಇಂದು ದೇಶದ ಅರ್ಧಕ್ಕಿಂತ ಹೆಚ್ಚು ಭೂಭಾಗ ಕಾಡಿನಿಂದ ಕೂಡಿದೆ. ಆದರೆ ಅದೇ ಕಾಯ್ದೆಯು ಕಾಡನ್ನು ಅನ್ಯ ಬಳಕೆಗೆ ಪರಿವರ್ತಿಸುವುದನ್ನೂ ನಿಷೇಧಿಸಿರುವುದರಿಂದ, ಈ ಚೇತರಿಕೆಯಲ್ಲಿ ಹಣದ ಪಾಲೆಷ್ಟು, ನಿಷೇಧದ ಪಾಲೆಷ್ಟು ಎಂಬುದು ವಿದ್ವಾಂಸರ ನಡುವೆ ಚರ್ಚಿತ ವಿಷಯವಾಗಿದೆ.