ಬಹು-ಬೂಟ್ ಅನುಸ್ಥಾಪನಾ ಡಿಸ್ಕ್‌ಗಳ ಪರೀಕ್ಷಾ ಯೋಜನೆ

ಹಲವು ಕಾರ್ಯಾಚರಣಾ ವ್ಯವಸ್ಥೆಗಳನ್ನು ಅಥವಾ ಒಂದೇ ವ್ಯವಸ್ಥೆಯ ಹಲವು ಆವೃತ್ತಿಗಳನ್ನು ಒಂದೇ ಡಿಸ್ಕಿನಲ್ಲಿಟ್ಟು, ಆರಂಭದ ಮೆನುವಿನಿಂದ ಬೇಕಾದುದನ್ನು ಆರಿಸಲು ಅನುವು ಮಾಡಿಕೊಡುವ ಮಾಧ್ಯಮವೇ ಬಹು-ಬೂಟ್ ಡಿಸ್ಕ್. ಫೆಡೋರಾ ಲಿನಕ್ಸ್ ಸಮುದಾಯವು ಗ್ನೋಮ್, ಕೆಡಿಇ ಮುಂತಾದ ಡೆಸ್ಕ್‌ಟಾಪ್‌ಗಳ 32 ಮತ್ತು 64 ಬಿಟ್ ಆವೃತ್ತಿಗಳನ್ನು ಒಟ್ಟುಗೂಡಿಸಿ ಇಂಥ ಡಿವಿಡಿಗಳನ್ನು ಹಿಂದೆ ಹಂಚಿತ್ತು. ಬಿಡಿ ಆವೃತ್ತಿಗಳೆಲ್ಲ ಪರೀಕ್ಷೆ ದಾಟಿರುವಾಗ ಮತ್ತೊಮ್ಮೆ ಪರೀಕ್ಷಿಸುವುದು ವ್ಯರ್ಥ ಶ್ರಮವೆಂಬ ಆಕ್ಷೇಪ ಸಹಜ. ಆದರೆ ಜೋಡಣೆಯೇ ಹೊಸ ದೋಷಗಳಿಗೆ ದಾರಿಮಾಡುತ್ತದೆ. ಡಿಸ್ಕಿನಿಂದಲೇ ನೇರವಾಗಿ ಚಾಲೂ ಆಗುವ ಲೈವ್ ವ್ಯವಸ್ಥೆ ತನ್ನ ಕಡತಗಳನ್ನು ಹುಡುಕುವುದು ಸಾಮಾನ್ಯವಾಗಿ ಡಿಸ್ಕಿನ ಹೆಸರಿನ (ಲೇಬಲ್) ಆಧಾರದಿಂದ. ಒಟ್ಟು ಡಿಸ್ಕಿನಲ್ಲಿ ಆ ಹೆಸರೂ ಕಡತಗಳ ಜಾಗವೂ ಬದಲಾಗುವುದರಿಂದ, ಮೆನು ಸರಿಯಾಗಿ ಕಂಡರೂ ಬೂಟ್ ನಡುವೆಯೇ ನಿಲ್ಲಬಹುದು. ಬಯಾಸ್ ಮತ್ತು ಯುಇಎಫ್‌ಐ ಎಂಬ, ಕಂಪ್ಯೂಟರನ್ನು ಆರಂಭಿಸುವ ಎರಡು ಬಗೆಯ ಫರ್ಮ್‌ವೇರ್‌ಗಳಿಗೆ ಪ್ರತ್ಯೇಕ ಮೆನು ಕಡತಗಳಿದ್ದರೆ, ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ತಾನಾಗಿ ತಲುಪುವುದಿಲ್ಲ.

ಎಲ್ಲ ಸಂಯೋಜನೆಗಳನ್ನೂ ಪರೀಕ್ಷಿಸುವುದು ಅಸಾಧ್ಯವೆಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. 8 ಆಯ್ಕೆ, 2 ಫರ್ಮ್‌ವೇರ್, 2 ಬಗೆಯ ಮಾಧ್ಯಮ ಎಂದರೆ 32 ಸಂಯೋಜನೆಗಳಾಗುತ್ತವೆ. ಇದಕ್ಕೆ ಪರಿಹಾರ ಪರೀಕ್ಷೆಯನ್ನು ಕೈಬಿಡುವುದಲ್ಲ, ಅದರ ಆಳವನ್ನು ಹಂಚುವುದು. ಮೆನುವಿನ ಪ್ರತಿ ಆಯ್ಕೆಯನ್ನೂ ಅದು ಬೆಂಬಲಿಸುವ ಫರ್ಮ್‌ವೇರ್‌ನಲ್ಲಿ ಡೆಸ್ಕ್‌ಟಾಪ್‌ವರೆಗೆ ಚಾಲೂ ಮಾಡಲೇಬೇಕು. ಈ ಕೆಲಸಕ್ಕೆ ವರ್ಚುವಲ್ ಯಂತ್ರ ಸಾಕು. ಪೂರ್ಣ ಅನುಸ್ಥಾಪನೆಯನ್ನು ಪ್ರಾತಿನಿಧಿಕ ಆಯ್ಕೆಗಳಿಗೆ ಸೀಮಿತಗೊಳಿಸಬಹುದು. ಆದರೆ 8.5 ಜಿಬಿಯ ಎರಡು ಪದರದ ಡಿವಿಡಿಯನ್ನು ನಿಜವಾದ ಡ್ರೈವ್ ಓದಬಲ್ಲದೇ ಎಂಬುದನ್ನು ವರ್ಚುವಲ್ ಯಂತ್ರ ಹೇಳಲಾರದು. ಆದ್ದರಿಂದ ಮುದ್ರಣಕ್ಕೆ ಮುನ್ನ ಮಾದರಿ ಪ್ರತಿಯನ್ನು ನೈಜ ಕಂಪ್ಯೂಟರುಗಳಲ್ಲಿ ಪರೀಕ್ಷಿಸುವುದು ಅನಿವಾರ್ಯ. ಮುದ್ರಿತ ಡಿಸ್ಕನ್ನು ತಿದ್ದಲಾಗದು. ಉಳಿದ ದೋಷದ ಹೊರೆ ಬೀಳುವುದು ನಿಧಾನಗತಿಯ ಇಂಟರ್ನೆಟ್‌ನಿಂದಾಗಿ ಆ ಡಿಸ್ಕನ್ನೇ ನಂಬಿದ ಬಳಕೆದಾರನ ಮೇಲೆ.