ಸಂಗೀತಸಭೆಯಲ್ಲಿ ಪಂಕ್ತಿಭೇದ

ಅಮೆರಿಕಾ ದೇಶದ ಜಾಝ್ ಸಂಗೀತವು ಅಲ್ಲಿಯ ಕರಿಯ ಜನರಲ್ಲಿ ಹುಟ್ಟಿ ಬೆಳೆದ ವಿದ್ಯೆ. ಗೊತ್ತಾದ ಹಾಡೊಂದರ ಧಾಟಿಯನ್ನು ಆಧಾರವಾಗಿಟ್ಟುಕೊಂಡು, ವಾದಕನು ಆಯಾ ಕ್ಷಣಕ್ಕೆ ತೋರಿದಂತೆ ಅದನ್ನು ವಿಸ್ತರಿಸಿ ನುಡಿಸುವುದು ಇದರ ಜೀವಾಳ. ನಮ್ಮ ಗಾಯಕರು ಮನೋಧರ್ಮವೆನ್ನುವುದು ಇದಕ್ಕೆ ತೀರ ದೂರವಾದುದಲ್ಲ. ಆದರೆ ತನ್ನವರ ಈ ವಿದ್ಯೆಯನ್ನು ಕೇಳಹೋದ ಕರಿಯನಿಗೆ ದಕ್ಷಿಣದ ಸಂಸ್ಥಾನಗಳಲ್ಲಿ ಬಿಳಿಯರ ಪಕ್ಕದಲ್ಲಿ ಆಸನವಿರಲಿಲ್ಲ. ಮೇಲುಪ್ಪರಿಗೆಯಲ್ಲಿಯೋ, ಹಗ್ಗ ಕಟ್ಟಿ ಬೇರ್ಪಡಿಸಿದ ಮೂಲೆಯಲ್ಲಿಯೋ ಅವನು ಇರತಕ್ಕುದು. 1964ನೆಯ ಜುಲೈ 2ರಂದು ಹೊರಟ ಶಾಸನವು ಇದನ್ನು ದೇಶಾದ್ಯಂತ ನಿಷೇಧಿಸುವ ವರೆಗೂ ಈ ಕಟ್ಟಳೆ ನಡೆದುಬಂದಿತು. ಪಂಕ್ತಿಭೇದವೆಂಬ ಶಬ್ದವನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ವೇದಿಕೆಯ ಮೇಲಿನ ಭೇದವು ಮೊದಲು ಸಡಿಲವಾಯಿತು. 1938ನೆಯ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗೀ ಮಂದಿರದಲ್ಲಿ, ಬಿಳಿಯನಾದ ಬೆನ್ನಿ ಗುಡ್‌ಮನ್ನನು ಕರಿಯರಾದ ಟೆಡ್ಡಿ ವಿಲ್ಸನ್, ಲಯೊನೆಲ್ ಹ್ಯಾಂಪ್ಟನ್ನರನ್ನು ಜೊತೆಗೆ ಕುಳ್ಳಿರಿಸಿಕೊಂಡು ಕಚೇರಿ ಮಾಡಿದನು. ವೇದಿಕೆಯ ಕೆಳಗಿನ ಭೇದವಾದರೋ ಅಷ್ಟು ಸುಲಭವಾಗಿ ಜಗ್ಗಲಿಲ್ಲ.

ಅದನ್ನು ಹಣದ ಬಲದಿಂದಲೇ ಅಲುಗಿಸಲು ಹೊರಟವನು ನಾರ್ಮನ್ ಗ್ರಾನ್ಜ್. ಯಹೂದಿ ವಲಸೆಗಾರರ ಮಗ. 1918ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಜನಿಸಿದನು. ವಾದಕನಲ್ಲ, ಗಾಯಕನಲ್ಲ, ಕಚೇರಿಗಳನ್ನು ಏರ್ಪಡಿಸುವ ವ್ಯಾಪಾರಿ. ಕೊಲೆಯ ಮೊಕದ್ದಮೆಯೊಂದರಲ್ಲಿ ಶಿಕ್ಷೆಗೊಳಗಾದ ಮೆಕ್ಸಿಕೋ ಮೂಲದ ತರುಣರ ಅಪೀಲಿನ ಸಹಾಯಾರ್ಥವಾಗಿ, 1944ನೆಯ ಜುಲೈ 2ರಂದು ಆ ಊರಿನ ಫಿಲ್‌ಹಾರ್ಮೋನಿಕ್ ಮಂದಿರದಲ್ಲಿ ಅವನು ಒಂದು ಕಚೇರಿ ನಡೆಸಿದನು. ಮೇಲೆ ಹೇಳಿದ ಶಾಸನಕ್ಕೆ ಸರಿಯಾಗಿ ಇಪ್ಪತ್ತು ವರ್ಷ ಹಿಂದಿನ ದಿನ, ಕಾಕತಾಳೀಯವೆಂದೇ ಎಣಿಸೋಣ. ಆ ಮಂದಿರದ ಹೆಸರೇ ಅವನ ಮೇಳಕ್ಕೆ ನಿಂತು, ‘ಜಾಝ್ ಅಟ್ ದಿ ಫಿಲ್‌ಹಾರ್ಮೋನಿಕ್’ ಎಂಬ ಹೆಸರಿನಿಂದ ಅದು ವರ್ಷವರ್ಷವೂ ಊರೂರು ಸಂಚರಿಸಿತು. ಸಭಿಕರನ್ನು ಬಣ್ಣ ನೋಡಿ ವಿಂಗಡಿಸಕೂಡದೆಂಬುದು ಅವನ ಕರಾರು. ಕರಿಯ ಕಲಾವಿದರಿಗೂ ಬಿಳಿಯ ಕಲಾವಿದರಿಗೂ ಒಂದೇ ಬಗೆಯ ಪ್ರಯಾಣ, ಒಂದೇ ವಸತಿಗೃಹ. ಲಾಭದ ಮೇಲೆ ಕಣ್ಣಿಟ್ಟ ಮನುಷ್ಯನೇ ಅವನು. ಆದರೂ ಈ ಒಂದು ವಿಷಯದಲ್ಲಿ ನಷ್ಟಕ್ಕೆ ಹೆದರಲಿಲ್ಲ.

1955ನೆಯ ಅಕ್ಟೋಬರ್ 7ರಂದು ಮೇಳವು ಟೆಕ್ಸಾಸ್ ಸಂಸ್ಥಾನದ ಹ್ಯೂಸ್ಟನ್ ನಗರಕ್ಕೆ ಬಂದಿತು. ಗ್ರಾನ್ಜನು ಸಂಗೀತಮಂದಿರವನ್ನು ತಾನೇ ಬಾಡಿಗೆಗೆ ಹಿಡಿದು, ಶೌಚಗೃಹಗಳ ಮೇಲೆ ಬಿಳಿಯರಿಗೆ, ಕರಿಯರಿಗೆ ಎಂದು ಬರೆದಿದ್ದ ಫಲಕಗಳನ್ನು ತೆಗೆಯಿಸಿದನು. ಕರಿಯನ ಪಕ್ಕ ಕೂರಲಾರೆನೆಂದು ಆಸನ ಬದಲಾಯಿಸಲು ಕೇಳಿದವರಿಗೆ ಟಿಕೇಟಿನ ಹಣ ಹಿಂದಕ್ಕೆ ಸಿಕ್ಕುತ್ತಿತ್ತು, ಬೇರೆ ಆಸನ ಸಿಕ್ಕುತ್ತಿರಲಿಲ್ಲ. ಆ ರಾತ್ರಿ ಎರಡು ಕಚೇರಿಗಳು ಗೊತ್ತಾಗಿದ್ದುವು. ಮೊದಲನೆಯದು ನಡೆಯುತ್ತಿರುವಾಗಲೇ ಮಫ್ತಿ ಪೋಲೀಸರು ಗಾಯಕಿ ಎಲಾ ಫಿಟ್ಸ್‌ಜೆರಾಲ್ಡಳ ಕೊಠಡಿಗೆ ನುಗ್ಗಿದರು. ಒಳಗೆ ಕಹಳೆಯ ಡಿಜ್ಜಿ ಗಿಲೆಸ್ಪಿಯೂ ಸ್ಯಾಕ್ಸೋಫೋನಿನ ಇಲಿನಾಯ್ ಜಾಕೆಯೂ ಚಿಲ್ಲರೆ ಹಣವಿಟ್ಟು ದಾಳವಾಡುತ್ತಿದ್ದರು. ಎಲಾ ತಿಂಡಿ ಕಾಫಿ ತೆಗೆದುಕೊಳ್ಳುತ್ತಿದ್ದಳು. ಜೂಜಿನ ಆರೋಪ ಹೊರಿಸಲು ಅಷ್ಟು ಸಾಕಾಯಿತು. ಪೋಲೀಸನೊಬ್ಬನು ಸ್ನಾನಗೃಹದ ಕಡೆಗೆ ನಡೆದುದನ್ನು ಕಂಡು, ಅಲ್ಲಿ ಮಾದಕ ಪದಾರ್ಥವನ್ನು ತಾನೇ ಇಟ್ಟು ಹಿಡಿದಂತೆ ತೋರಿಸಬಹುದೆಂಬ ಶಂಕೆಯಿಂದ ಗ್ರಾನ್ಜನು ಅಡ್ಡನಿಂತನು. ಆಗ ತನ್ನ ಹೊಟ್ಟೆಗೆ ಪಿಸ್ತೂಲು ಹಿಡಿದರೆಂದು ಮುಂದೆ ಅವನು ಹೇಳಿಕೊಂಡಿದ್ದಾನೆ.

ಎಲಾಳ ಸಹಾಯಕಿಯೂ ಸೇರಿ ಐವರನ್ನು ಠಾಣೆಗೆ ಒಯ್ದರು. ಅಲ್ಲಿ ಪತ್ರಿಕೆಯವರು ಕ್ಯಾಮರಾ ಹಿಡಿದು ಮೊದಲೇ ಕಾದಿದ್ದರು! ಹೆಸರು ಕೇಳಿದಾಗ ಗಿಲೆಸ್ಪಿಯು ಲೂಯಿ ಆರ್ಮ್‌ಸ್ಟ್ರಾಂಗ್ ಎಂದನಂತೆ. ಎಲಾ ಮಾತ್ರ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ತಲೆಗೆ ಹತ್ತು ಡಾಲರುಗಳ ಜಾಮೀನಿನ ಮೇಲೆ ಬಿಡುಗಡೆಯಾಗಿ, ಎಲ್ಲರೂ ಎರಡನೆಯ ಕಚೇರಿಗೆ ಹಿಂದಿರುಗಿದರು. ಬಿಳಿಯರೂ ಕರಿಯರೂ ಒತ್ತಾಗಿ ಕುಳಿತಿದ್ದ ಆ ಸಭೆಗೆ ನಡುವೆ ನಡೆದುದೇನೂ ತಿಳಿಯದು.

ಜಾಮೀನಿನ ಹಣವನ್ನು ಬಿಟ್ಟು ಊರು ದಾಟಿದ್ದರೆ ಪ್ರಕರಣವು ಅಲ್ಲಿಗೇ ಮುಗಿಯುತ್ತಿತ್ತು. ಬಹುಶಃ ಪೋಲೀಸರ ನಿರೀಕ್ಷೆಯೂ ಅದೇ. ಗ್ರಾನ್ಜನು ಬಿಡಲಿಲ್ಲ. ವಕೀಲರನ್ನಿಟ್ಟು ವಾದಿಸಿ ಆರೋಪಗಳನ್ನು ತೆಗೆಸಿಹಾಕಿದನು. ಐವತ್ತು ಡಾಲರುಗಳು ಹಿಂದಕ್ಕೆ ಬಂದುವು. ವಕೀಲರಿಗೆ ತೆತ್ತುದು ಅದರ ಅನೇಕ ಪಟ್ಟು.