ಅಜ್ಜಿ ನಡೆದ ಕಾಡುದಾರಿ

ಅಮೆರಿಕದ ಒಹಾಯೊ ರಾಜ್ಯದ ಎಮ್ಮಾ ಗೇಟ್‌ವುಡ್ 1955ರ ಮೇ 3ರಂದು ನಡಿಗೆ ಆರಂಭಿಸಿದಾಗ ಅವರಿಗೆ 67 ವರ್ಷ. ಮಕ್ಕಳಿಗೆ ಹೇಳಿದ್ದು, ಸ್ವಲ್ಪ ನಡೆದಾಡಿ ಬರುತ್ತೇನೆಂದು ಮಾತ್ರ. ನಡೆಯಬೇಕಿದ್ದುದು ಸುಮಾರು 3,300 ಕಿ.ಮೀ.

ಅದು ಅಪಲೇಚಿಯನ್ ಕಾಲುದಾರಿ. ಜಾರ್ಜಿಯದಿಂದ ಮೇನ್‌ವರೆಗೆ 14 ರಾಜ್ಯಗಳ ಬೆಟ್ಟಕಾಡುಗಳನ್ನು ಹಾಯುವ ಈ ದಾರಿಯ ಕನಸು ಕಂಡವರು ಬೆಂಟನ್ ಮೆಕೇ, 1921ರಲ್ಲಿ. ಸ್ವಯಂಸೇವಕರ ದುಡಿಮೆಯಿಂದ ಅದು 1937ರಲ್ಲಿ ಪೂರ್ಣಗೊಂಡಿತು.

ಹಿಂದಿನ ವರ್ಷ ಮೇನ್ ಕಡೆಯಿಂದ ಹೊರಟಿದ್ದ ಅಜ್ಜಿ ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮರಳಿದ್ದರು. ಈ ಸಲವೂ ಡೇರೆಯಿಲ್ಲ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಪತ್ರಿಕೆಯಲ್ಲಿ ಓದಿದ್ದಂತಹ ತಂಗುದಾಣಗಳು ಎಲ್ಲೆಡೆ ಸಿಗಲಿಲ್ಲ. ಕತ್ತಲಾದರೆ ಅಪರಿಚಿತರ ಬಾಗಿಲು ತಟ್ಟುತ್ತಿದ್ದರು. ಕೆಲವರು ಊಟ, ಹಾಸಿಗೆ ಕೊಟ್ಟರು. ಕೆಲವರು ಒಳಗೆ ಸೇರಿಸಲಿಲ್ಲ. ಆಗ ತರಗೆಲೆಯೇ ಹಾಸಿಗೆ.

ಒಬ್ಬಂಟಿ ಹೆಂಗಸಿಗೆ ಕಾಡಿನ ಭಯವಿರಲಿಲ್ಲವೇ? ಅವರ ಭಯವಿದ್ದುದು ಮನೆಯೊಳಗೆ. 11 ಮಕ್ಕಳ ಈ ತಾಯಿ ಗಂಡನ ಹೊಡೆತ ತಾಳಲಾಗದೆ ಎಷ್ಟೋ ಸಲ ಕಾಡಿಗೆ ಓಡಿ ನೆಮ್ಮದಿ ಕಂಡಿದ್ದರು. ಕೊನೆಗೆ ವಿಚ್ಛೇದನ ಪಡೆದಿದ್ದರು.

ಸೆಪ್ಟೆಂಬರ್ 25ರಂದು ಕಟಾಡಿನ್ ಶಿಖರ ಏರಿದಾಗ, ಇಡೀ ದಾರಿಯನ್ನು ಒಂದೇ ಋತುವಿನಲ್ಲಿ ಒಂಟಿಯಾಗಿ ನಡೆದ ಮೊದಲ ಮಹಿಳೆ ಎನಿಸಿದರು. 1957ರಲ್ಲಿ ಮತ್ತೊಮ್ಮೆ ನಡೆದರು. ಈ ದಾರಿಯ ನಡಿಗೆದಾರರಿಗೆ ಊಟ, ಆಸರೆ ಕೊಡುವವರನ್ನು ಇಂದು ‘ದಾರಿಯ ದೇವತೆಗಳು’ ಎನ್ನುತ್ತಾರೆ. ಆ ಹೆಸರೇನೂ ಇಲ್ಲದೆ, ಅಂಥವರು ಅಂದೇ ಅಜ್ಜಿಗೆ ಬಾಗಿಲು ತೆರೆದಿದ್ದರು.